ಕರಾವಳಿಯ ಮನೆಗೆ ಏರ್ ಕೂಲರ್ ಕೊಳ್ಳುವ ಮುನ್ನ

ಮಂಗಳೂರು, ಉಡುಪಿ, ಕಾರವಾರದ ಕಡೆ ಇರುವವರು ಈ ಬೇಸಿಗೆಗೆ ಏರ್ ಕೂಲರ್ ಕೊಳ್ಳಲು ಹೊರಟಿದ್ದರೆ ದಯವಿಟ್ಟು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ಅದರ ಕಷ್ಟ ಅನುಭವಿಸಿದವರು ನನ್ನ ಅಪ್ಪ.

ನಾನು ಬೆಳೆದದ್ದು ಕಲಬುರಗಿಯಲ್ಲಿ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರು. ಕಿಟಕಿಯ ಹೊರಗೆ ಕೂರಿಸಿದ ತಗಡಿನ ಕೂಲರ್ ಇಲ್ಲದೆ ಮಧ್ಯಾಹ್ನ ಕಳೆಯುತ್ತಿರಲಿಲ್ಲ. ಕೆಲಸಕ್ಕೆಂದು ಮಂಗಳೂರಿಗೆ ಬಂದು ತಾರಸಿಯ ಕೆಳಗಿನ ಮಹಡಿಯಲ್ಲಿ ಬಾಡಿಗೆಗೆ ಇಳಿದಾಗ, ಏಪ್ರಿಲ್ ಬರುತ್ತಲೇ ಅದೇ ನೆನಪಾಯಿತು. ಇಲ್ಲಿನ ಹವೆಗೆ ಆಗುತ್ತದೆಯೇ ಎಂದು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಿದೆ. ಎಸಿಯಷ್ಟೇ ತಂಪು, ಕರೆಂಟು ಮಾತ್ರ ಕಡಿಮೆ ಎಂದರು. ಹನ್ನೊಂದು ಸಾವಿರ ಕೊಟ್ಟು ತಂದೆ.

ತಂಪು ಹೊರಗೆ ಹೋಗಬಾರದೆಂದು ಕಿಟಕಿಗಳನ್ನು ಮುಚ್ಚಿ ಮಲಗಿದೆವು. ಬೆಳಗಿನ ಜಾವದ ಹೊತ್ತಿಗೆ ಹಾಸಿಗೆ ತಣ್ಣಗಿರಲಿಲ್ಲ, ಜಿಗುಟಾಗಿತ್ತು. ಮೈಯ ಬೆವರು ಆರುತ್ತಲೇ ಇರಲಿಲ್ಲ. ವಾರ ಕಳೆಯುವುದರೊಳಗೆ ಕಪಾಟಿನ ಹಿಂದಿನ ಗೋಡೆಯಲ್ಲಿ ಬೂಷ್ಟು ಹಿಡಿಯಿತು, ಮಡಿಸಿಟ್ಟ ಬಟ್ಟೆ ಮುಗ್ಗಲು ವಾಸನೆ ಹೊಡೆಯಿತು. ಉಬ್ಬಸವಿರುವ ಅಪ್ಪ ರಾತ್ರಿಯಿಡೀ ಎದ್ದು ಕೂರತೊಡಗಿದರು. ಗಾಳಿ ಇನ್ನೂ ಬೇಕೆಂದು ತಿಳಿದು ನಾನು ಕೂಲರಿನ ವೇಗವನ್ನೇ ಹೆಚ್ಚಿಸುತ್ತಿದ್ದೆ. ಕೋಣೆಯ ತೇವವನ್ನು ನೋಡಿದ ವೈದ್ಯರು ಮೊದಲು ಅದನ್ನು ನಿಲ್ಲಿಸಿ ಎಂದರು.

ಕಲಬುರಗಿಯದು ಧಗೆ, ಇಲ್ಲಿನದು ಸೆಕೆ. ಕೂಲರಿನ ನೀರು ಆವಿಯಾಗುವಾಗ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ತಂಪು ಹುಟ್ಟುವುದು ಅಷ್ಟರಿಂದಲೇ. ಒಣ ಗಾಳಿ ಎಷ್ಟು ನೀರು ಕೊಟ್ಟರೂ ಕುಡಿಯುತ್ತದೆ. ಕಡಲ ಗಾಳಿ ಮೊದಲೇ ತೇವದಿಂದ ತುಂಬಿರುವುದರಿಂದ ನೀರು ಆವಿಯಾಗುವುದೇ ಕಡಿಮೆ, ಆದಷ್ಟೂ ಕೋಣೆಯಲ್ಲಿಯೇ ನಿಲ್ಲುತ್ತದೆ.

ಕೊಳ್ಳುವ ಮುನ್ನ ಮನೆಯಲ್ಲೇ ಪರೀಕ್ಷಿಸಬಹುದು. ಕೋಣೆಯ ಉಷ್ಣತೆ ಅಳೆಯುವ ಥರ್ಮಾಮೀಟರಿನ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನಿನ ಎದುರು ಹತ್ತು ನಿಮಿಷ ಹಿಡಿಯಿರಿ. ಕೂಲರ್ ಎಷ್ಟೇ ದುಬಾರಿಯದಾದರೂ ಅಲ್ಲಿ ಕಾಣುವ ಅಂಕಿಗಿಂತ ಕೆಳಗೆ ಗಾಳಿಯನ್ನು ತಣಿಸಲಾರದು. ನಮ್ಮ ಕೋಣೆಯಲ್ಲಿ 34 ಇದ್ದದ್ದು 29ಕ್ಕೆ ಇಳಿದು ನಿಂತಿತು. ಒಣ ಊರಿನ 42 ಡಿಗ್ರಿ ಬಿಸಿಲಿನಲ್ಲಿ ಅದು 24ರ ಆಸುಪಾಸಿಗೆ ಇಳಿಯುತ್ತದೆ.

ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಈಗ ಪಡುವಣ ಕಿಟಕಿಗೆ ಹೊರಗಿನಿಂದ ಬಿದಿರಿನ ತಟ್ಟಿ ಕಟ್ಟಿದ್ದೇವೆ. ಒಳಗಿನ ಪರದೆಗಿಂತ ಇದು ಎಷ್ಟೋ ಮೇಲು, ಏಕೆಂದರೆ ಬಿಸಿಲು ಗಾಜನ್ನೇ ಮುಟ್ಟುವುದಿಲ್ಲ. ಸಂಜೆ ಎದುರುಬದುರು ಕಿಟಕಿಗಳನ್ನು ತೆರೆಯುತ್ತೇವೆ. ಅಪ್ಪನ ಕೋಣೆಗೆ ಮಾತ್ರ ಎಸಿ, 26ರಲ್ಲಿ, ಜೊತೆಗೆ ನಿಧಾನವಾಗಿ ತಿರುಗುವ ಫ್ಯಾನು. ಎಸಿ ಗಾಳಿಯ ತೇವವನ್ನೂ ತೆಗೆಯುವುದರಿಂದ ಅವರಿಗೆ ನಿದ್ದೆ ಬರುತ್ತಿದೆ.

ಕೂಲರನ್ನು ಕಲಬುರಗಿಯ ತಂಗಿಯ ಮನೆಗೆ ಬಸ್ಸಿನಲ್ಲಿ ಕಳುಹಿಸಿದೆ. ಒಂದು ಕಿಟಕಿ ತೆರೆದೇ ಇರಲಿ, ನೀರು ತುಂಬುವ ಮೊದಲು ಪ್ಲಗ್ ಕಿತ್ತಿಡು ಎಂದು ಎರಡೆರಡು ಸಲ ಹೇಳಿದ್ದೇನೆ.