ಮನೆಯಲ್ಲೇ ಕೇರ್‌ಟೇಕರ್ ಇಡೋದಾ, ಹಿರಿಯರು ಕೂಡಿ ಇರುವ ಮನೆಗೆ ಕಳಿಸೋದಾ?

ಲಕ್ವಾ ಹೊಡೆದು ಅವ್ವನ ಎಡಗಡೆ ಕೈಕಾಲು ಸೋತ ಮೇಲೆ ಬೆಳಗಾವಿಯಲ್ಲಿ ನಾವು ಎರಡೂ ಮಾಡಿ ನೋಡಿದ್ದೇವೆ. ಮೊದಲು ಟಿಳಕವಾಡಿಯ ನಮ್ಮ ಮನೆಯಲ್ಲೇ ಏಜೆನ್ಸಿಯ ಕೇರ್‌ಟೇಕರ್. ಆಮೇಲೆ, ಐದಾರು ಹಿರಿಯರು ಒಂದೇ ಮನೆಯಲ್ಲಿದ್ದು ನೋಡಿಕೊಳ್ಳುವವರ ಖರ್ಚನ್ನು ಹಂಚಿಕೊಳ್ಳುವ ವ್ಯವಸ್ಥೆ. ವೃದ್ಧಾಶ್ರಮಗಳನ್ನೂ ವಿಚಾರಿಸಿದೆವು. ಹೋದ ಕಡೆಯೆಲ್ಲ ಮೊದಲ ಪ್ರಶ್ನೆ, "ತಾವಾಗೇ ಎದ್ದು ಓಡಾಡ್ತಾರಾ?" ಅಲ್ಲಿಗೆ ಅದು ಮುಗಿಯಿತು.

ಮನೆಯ ಸುಖ ಮನೆಯದೇ. ಓಣಿಯವರು ಬಂದು ಮಾತಾಡಿಸುತ್ತಿದ್ದರು, ಅವ್ವ ಕೇಳಿದಾಗ ಚಹಾ ಸಿಗುತ್ತಿತ್ತು. ತೊಂದರೆ ಇದ್ದದ್ದು ರಾತ್ರಿಯದು. ಹಾಸಿಗೆ ಹಿಡಿದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿಗೆ ಹುಣ್ಣಾಗುತ್ತದೆ. "24 ತಾಸಿನ ಕೇರ್‌ಟೇಕರ್" ಅಂತ ಏಜೆನ್ಸಿ ಕಳಿಸುವುದು ಒಬ್ಬರನ್ನೇ. ಹಗಲೆಲ್ಲ ದುಡಿದ ಹೆಣ್ಣುಮಗಳು ರಾತ್ರಿ ಮಲಗಲೇಬೇಕಲ್ವಾ? ಅವರನ್ನು ಎಬ್ಬಿಸಲು ನಮಗೇ ಮನಸ್ಸು ಬರುತ್ತಿರಲಿಲ್ಲ. ಹಬ್ಬ ಬಂತೆಂದರೆ ಆಳು ಬದಲು. ಒಮ್ಮೆ ಮರಾಠಿ ಮಾತ್ರ ಬಲ್ಲವರು ಬಂದರು. ಕೆಲಸದಲ್ಲಿ ಚುರುಕು. ಆದರೆ ಅವ್ವನ ಮಾತು ತೊದಲು, ಕನ್ನಡದವರಿಗೇ ಅರ್ಥವಾಗುವುದು ಕಷ್ಟ. ನೀರು ಕೇಳಿದರೆ ಹೊದಿಕೆ ಬರುತ್ತಿತ್ತು. ಇಬ್ಬರೂ ಪಾಪ, ಸೋತು ಹೋದರು.

ಕೂಡಿ ಇರುವ ಮನೆಯಲ್ಲಿ ನನ್ನ ಮನಸ್ಸು ಗೆದ್ದದ್ದು ಕೆಲಸ ಬಲ್ಲ ಕೈಗಳು. ಅಲ್ಲಿನ ಹೆಣ್ಣುಮಗಳು ಜಂಪರ್ ತೊಡಿಸುವಾಗ ಸೋತ ಕೈಯನ್ನು ಮೊದಲು ತೂರಿಸುತ್ತಾರೆ, ತೆಗೆಯುವಾಗ ಗಟ್ಟಿ ಕೈ ಮೊದಲು. ಎಬ್ಬಿಸುವಾಗ ಗಾಲಿಕುರ್ಚಿಯನ್ನು ಬಲಗಡೆಗೇ ತಂದು ಬ್ರೇಕ್ ಹಾಕುತ್ತಾರೆ. ತಮ್ಮ ಮೊಣಕಾಲನ್ನು ಅವ್ವನ ಸೋತ ಮೊಣಕಾಲಿಗೆ ಆನಿಸಿ, "ಮುಂದಕ್ಕ ಬಗ್ಗ್ರಿ ಅಮ್ಮಾ, ಹಾಂ, ಈಗ ಏಳ್ರಿ" ಅನ್ನುತ್ತಾರೆ. ತೋಳು ಹಿಡಿದು ಎಳೆಯುವುದಿಲ್ಲ. ಸೋತ ಕೈ ಎಳೆದರೆ ಭುಜದ ಕೀಲು ಕೆಡುತ್ತದೆ. ಊಟಕ್ಕೆ ನೆಟ್ಟಗೆ ಕೂರಿಸಿ, ರೊಟ್ಟಿಯನ್ನು ಸಾರಲ್ಲಿ ನೆನೆಸಿ, ಸಣ್ಣ ಸಣ್ಣ ತುತ್ತು. ಉಂಡ ಕೂಡಲೇ ಮಲಗಿಸುವುದಿಲ್ಲ. ರಾತ್ರಿ ಪಾಳಿಯವರು ಹಗಲು ಮಲಗಿ ಬಂದಿರುತ್ತಾರೆ, ಹಾಗಾಗಿ ಎಚ್ಚರ ಇರುತ್ತಾರೆ.

ಅಲ್ಲಿಯೂ ಎಲ್ಲ ಸರಿ ಇರಲಿಲ್ಲ. ಜಳಕಕ್ಕೆ ಸರದಿ. ಅವ್ವ ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕುವುದಿಲ್ಲ. ಸರದಿ ತಡವಾದರೆ ಉಪವಾಸ, ಗುಳಿಗೆಯೂ ತಡ. ಕೇಳಿಕೊಂಡ ಮೇಲೆ ಮೊದಲ ಜಳಕ ಅವ್ವನಿಗೆ ಕೊಟ್ಟರು. ಲಿಂಗ ಹಿಡಿಯಬೇಕಾದದ್ದು ಎಡಗೈಯಲ್ಲಿ, ಸೋತದ್ದೂ ಅದೇ ಕೈ. ಈಗ ಪೂಜೆ ಮುಗಿಯುವ ತನಕ ಯಾರಾದರೂ ಆ ಅಂಗೈ ಕೆಳಗೆ ತಮ್ಮ ಕೈ ಇಟ್ಟು ಕೂರುತ್ತಾರೆ. ಪಕ್ಕದ ಮಂಚದ ಅಜ್ಜಿ ರಾತ್ರಿ ಕೂಗುವುದಕ್ಕೆ ಮಾತ್ರ ಏನೂ ಮಾಡಲಾಗಲಿಲ್ಲ. ಒಬ್ಬರಿಗೆ ಕೆಮ್ಮು ಬಂದರೆ ಎಲ್ಲರಿಗೂ ಬರುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಮನೆಯಲ್ಲಿ ಹಗಲಿಗೊಬ್ಬರು, ರಾತ್ರಿಗೊಬ್ಬರು ಇಟ್ಟರೆ ಕೂಡಿ ಇರುವ ಮನೆಗಿಂತ ಜಾಸ್ತಿ ಆಗುತ್ತಿತ್ತು. ಡೈಪರ್, ಔಷಧಿ ಎರಡು ಕಡೆಯೂ ಬೇರೆ. 70 ದಾಟಿದವರ ಆಯುಷ್ಮಾನ್ ಕಾರ್ಡಿನ 5 ಲಕ್ಷ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಕೇರ್‌ಟೇಕರ್ ಸಂಬಳಕ್ಕೆ ಬರುವುದಿಲ್ಲ.

ರಾತ್ರಿ ತಾವೇ ಮಗ್ಗುಲು ಹೊರಳುವವರಿಗೆ, ಜಳಕಕ್ಕಷ್ಟೇ ಕೈ ಬೇಕಾದವರಿಗೆ, ಮನೆಯೇ ಸರಿ. ಹಗಲಿನ ಒಬ್ಬರು ಸಾಕು. ರಾತ್ರಿಯೂ ಎತ್ತಬೇಕೆಂದರೆ ನನ್ನ ಮತ ಕೂಡಿ ಇರುವ ಮನೆಗೆ. ಅವ್ವ ಈಗ ಅಲ್ಲೇ ಇದ್ದಾಳೆ. ಮನೆ ನೋಡಲು ಹೋಗುವವರು ಸಂಜೆ ಚಹಾದ ಹೊತ್ತಿಗೆ ಹೋಗಬೇಡಿ, ಬೆಳಗಿನ ಏಳಕ್ಕೆ ಹೋಗಿ. ಉಚ್ಚೆ ವಾಸನೆ ಇದೆಯಾ ನೋಡಿ. ರಾತ್ರಿ ಎಷ್ಟು ಜನಕ್ಕೆ ಎಷ್ಟು ಮಂದಿ ಎಚ್ಚರ ಇರುತ್ತಾರೆ, ಆರೋಗ್ಯ ಕೆಟ್ಟರೆ ಆಸ್ಪತ್ರೆಗೆ ಯಾರು ಒಯ್ಯುತ್ತಾರೆ, ಇವೆರಡನ್ನೂ ಬರೆಸಿಕೊಳ್ಳಿ. ಹಿರಿಯರನ್ನು ಎಲ್ಲಾದರೂ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಅನ್ನಿಸಿದರೆ ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ.