ಹೆಗಲು ಒತ್ತುವ ಕೊಕ್ಕೆಕೋಲು: ಸಂಶೋಧನೆ ಹೇಳಿದಷ್ಟೇ ಕೆಲಸ, ಕರಪತ್ರ ಹೇಳಿದಷ್ಟಲ್ಲ

ಕೊಕ್ಕೆಯಾಗಿ ಬಾಗಿದ ಗಟ್ಟಿ ಪ್ಲಾಸ್ಟಿಕ್ ಕೋಲು, ತುದಿಯಲ್ಲೂ ನಡುವೆಯೂ ಗುಂಡನೆಯ ಗುಬುಟುಗಳು. ಸಾಧನ ಇಷ್ಟೇ. ಮೋಟಾರಿಲ್ಲ, ಬ್ಯಾಟರಿಯಿಲ್ಲ. ಕೊಕ್ಕೆಯನ್ನು ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಟ್ಟು ಮುಂದಿನ ಹಿಡಿಯನ್ನು ಕೆಳಕ್ಕೆ ಜಗ್ಗಿದರೆ, ಕೈಗೆ ಎಟುಕದ ಜಾಗದ ಮೇಲೆ ಬೇಕಾದಷ್ಟು ಭಾರ ಬೀಳುತ್ತದೆ. ದಿನವಿಡೀ ಕಂಪ್ಯೂಟರಿನ ಮುಂದೆ ಕುಳಿತಿರುವ ನಾನು ಇದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಐದಕ್ಕೆ ಮೂರೂವರೆ ಅಂಕ. ಕಳೆದುಹೋದ ಒಂದೂವರೆಯಲ್ಲಿ ಹೆಚ್ಚಿನ ಪಾಲು ಕೋಲಿನದಲ್ಲ, ಅದರ ಜೊತೆ ಬಂದ ಕರಪತ್ರದ್ದು.

ಸ್ನಾಯುವಿನ ಗಂಟುಗಳನ್ನು ಶಾಶ್ವತವಾಗಿ ಕರಗಿಸುತ್ತದೆ, ವೈದ್ಯಕೀಯವಾಗಿ ಸಾಬೀತಾಗಿದೆ ಎಂದು ಅದರಲ್ಲಿ ಬರೆದಿದೆ. ಏನು ಸಾಬೀತಾಗಿದೆ ಎಂದು ಹುಡುಕಿ ಹೊರಟರೆ ಸಿಗುವುದು ಇದಕ್ಕಿಂತ ಬಹಳ ಸಾಧುವಾದ ಮಾತು. ಇಂಥದ್ದೇ ಕೋಲನ್ನು ಬಳಸಿದ ಪ್ರಯೋಗವೊಂದು 2000ದಲ್ಲಿ ಪ್ರಕಟವಾಗಿದೆ. ಕುತ್ತಿಗೆ, ಮೇಲ್ಬೆನ್ನಿನಲ್ಲಿ ಟ್ರಿಗರ್ ಪಾಯಿಂಟ್, ಅಂದರೆ ಒತ್ತಿದರೆ ನೋಯುವ ಬಿಗಿ ಗಂಟು, ಇದ್ದ 40 ಮಂದಿಯಲ್ಲಿ ಒಂದು ಗುಂಪು ಐದು ದಿನ ಮನೆಯಲ್ಲೇ ಗಂಟನ್ನು ಒತ್ತಿ, ನಂತರ ಆ ಸ್ನಾಯುವನ್ನು ಎಳೆದು ಹಿಡಿಯಿತು. ಇನ್ನೊಂದು ಗುಂಪು ಕೀಲುಗಳನ್ನು ಆಡಿಸುವ ವ್ಯಾಯಾಮವನ್ನಷ್ಟೇ ಮಾಡಿತು. ಎಲ್ಲ ನಿಲ್ಲಿಸಿ ಮೂರು ದಿನ ಕಳೆದ ಮೇಲೆ ಅಳೆದಾಗ, ಒತ್ತಿಕೊಂಡವರ ನೋವಿನ ತೀವ್ರತೆ ತಗ್ಗಿತ್ತು. ಆ ಜಾಗ ಹೆಚ್ಚು ಒತ್ತಡ ತಾಳುತ್ತಿತ್ತು. ಆದರೆ ದಿನದಲ್ಲಿ ಎಷ್ಟು ಹೊತ್ತು ನೋವಿರುತ್ತದೆ ಎಂಬುದರಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕರಪತ್ರ ಬರೆದವರು ಈ ಕೊನೆಯ ವಾಕ್ಯದವರೆಗೆ ಓದಿದಂತಿಲ್ಲ.

ನನ್ನ ಹೆಗಲೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಬಲಗಡೆ ಕುತ್ತಿಗೆ ಹೆಗಲಿಗೆ ಸೇರುವಲ್ಲಿ, ಟ್ರೆಪೀಜಿಯಸ್ ಸ್ನಾಯುವಿನ ಮೇಲಂಚಿನಲ್ಲಿ, ಬಿಗಿದ ಹುರಿಯೊಂದು ಬೆರಳಿಗೆ ಸಿಗುತ್ತದೆ. ಗುಬುಟನ್ನು ಅದರ ಮೇಲಿಟ್ಟು ಭಾರ ಬಿಟ್ಟರೆ ಮೊದಲು ಅಲ್ಲೇ ಚುಳ್ಳೆನ್ನುತ್ತದೆ. ಮರುಗಳಿಗೆಯಲ್ಲಿ ಕುತ್ತಿಗೆಯ ಪಕ್ಕದಿಂದ ಏರಿ ಕಿವಿಯ ಹಿಂದೆ ಹಾದು ಕಣತಲೆಯಲ್ಲಿ ಕುಟುಕುತ್ತದೆ. ಭಾರವನ್ನು ಹಾಗೇ ಹಿಡಿದು ನಿಧಾನವಾಗಿ ಉಸಿರಾಡುತ್ತಿದ್ದರೆ ಅರ್ಧ ನಿಮಿಷ, ಹೆಚ್ಚೆಂದರೆ ಒಂದು ನಿಮಿಷದಲ್ಲಿ ಕಣತಲೆಯ ಕುಟುಕು ಅಡಗುತ್ತದೆ. ಆಗ ತಲೆಯನ್ನು ಎಡಕ್ಕೆ ವಾಲಿಸಿ ಹಿಡಿಯಬೇಕು. ಎಳೆದು ಹಿಡಿಯುವ ಈ ಭಾಗವನ್ನು ಬಿಟ್ಟ ದಿನ ಹೆಗಲು ಸಂಜೆಯೊಳಗೆ ಮತ್ತೆ ಬಿಗಿಯುತ್ತದೆ. ಮಾಡಿದ ದಿನ ನಿದ್ದೆಯವರೆಗೂ ಹಗುರ.

ಇಲ್ಲಿ ನನ್ನದೇ ಸಾಕ್ಷ್ಯದ ಮೇಲೆ ನನಗೊಂದು ಅನುಮಾನವಿದೆ. ಈ ನೋವು ಒಂದೇ ಸಮ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಕೋಲಿಗೆ ಕೈ ಹಾಕುವುದು ಅದು ನೆತ್ತಿಗೇರಿದಾಗ. ಅಲ್ಲಿಂದ ಮುಂದೆ ಅದು ತಾನಾಗಿಯೇ ಇಳಿಯುವ ಸಂಭವವೇ ಹೆಚ್ಚು, ಕೀರ್ತಿ ಮಾತ್ರ ಕೋಲಿಗೆ. ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಪ್ರಯೋಗಗಳನ್ನೂ, ಒಂದು ವಾರ ಬಳಸಿ ಐದು ನಕ್ಷತ್ರ ಕೊಡುವ ವಿಮರ್ಶೆಗಳನ್ನೂ ನಾನು ನೆಚ್ಚದಿರುವುದು ಇದೇ ಕಾರಣಕ್ಕೆ.

ಗಂಟು ಎಂದರೇನು ಎಂಬುದರಲ್ಲೇ ತಜ್ಞರಿಗೆ ಒಮ್ಮತವಿಲ್ಲ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್, ಡೇವಿಡ್ ಸೈಮನ್ಸ್ ಜೊತೆ 1983ರಲ್ಲಿ ಹೊರತಂದ ಕೈಪಿಡಿಯಿಂದ ಟ್ರಿಗರ್ ಪಾಯಿಂಟ್ ಎಂಬ ವಿಚಾರ ಬೇರೂರಿತು. ಜೇ ಶಾ ಮತ್ತು ಸಂಗಡಿಗರು ಸೂಕ್ಷ್ಮ ಸೂಜಿಯಿಂದ ನೋವಿರುವ ಬಿಂದುಗಳ ದ್ರವ ತೆಗೆದು ನೋಡಿದಾಗ ನೋವು, ಉರಿಯೂತಕ್ಕೆ ಸಂಬಂಧಿಸಿದ ರಾಸಾಯನಿಕಗಳು ಹೆಚ್ಚಾಗಿದ್ದವು. ಇತ್ತ ಕ್ವಿಂಟ್ನರ್ ಮತ್ತು ಜೊತೆಗಾರರು 2015ರಲ್ಲಿ, ಇಡೀ ಸಿದ್ಧಾಂತವೇ ನಿಲ್ಲುವುದಿಲ್ಲ ಎಂದು ಬರೆದರು. ಮುಟ್ಟಿ ಗಂಟು ಹುಡುಕುವ ವಿಧಾನವೂ ನಂಬಲರ್ಹವಲ್ಲ ಎಂದು 2009ರ ವಿಮರ್ಶಾ ಲೇಖನವೊಂದು ಹೇಳಿದೆ. ಪಳಗಿದ ಕೈಗಳೇ ಒಂದೇ ಜಾಗವನ್ನು ತೋರಿಸದಿದ್ದರೆ ಬೆನ್ನಹಿಂದೆ ಕಣ್ಣಿಲ್ಲದ ನಾನು ಗುಬುಟನ್ನು ಎಲ್ಲಿಡಲಿ? ಕಣತಲೆಗೆ ಹರಿಯುವ ನೋವೇ ನನ್ನ ಗುರುತು.

ಹೋಲಿಕೆಗೆಂದು ಡ್ರೈ ನೀಡ್ಲಿಂಗ್, ಅಂದರೆ ಔಷಧವಿಲ್ಲದ ಸೂಜಿಯನ್ನು ಗಂಟಿಗೆ ಚುಚ್ಚುವ ಚಿಕಿತ್ಸೆಯ ಅನುಭವವನ್ನೂ ಹೇಳುತ್ತೇನೆ. ಫಿಸಿಯೋಥೆರಪಿಸ್ಟ್ ತೆಳುವಾದ ಸೂಜಿ ಚುಚ್ಚಿದಾಗ ಸ್ನಾಯು ಒಮ್ಮೆ ಪಟಕ್ಕನೆ ಅದುರಿತು. ಆ ಅದುರು ಬಂದರೇ ಫಲ ಎಂದು ಹಾಂಗ್ ಎಂಬ ವೈದ್ಯರು 1994ರಲ್ಲಿ ವಾದಿಸಿದ್ದರು. ಮರುದಿನ ಹೆಗಲು ನೊಂದಿತ್ತು, ಅದರ ಮರುದಿನ ಕುತ್ತಿಗೆ ಸಲೀಸಾಗಿ ತಿರುಗಿತು. ಪರಿಣಾಮ ಕೋಲಿಗಿಂತ ಜೋರು, ಬಾಳಿಕೆ ಸ್ವಲ್ಪವೇ ಹೆಚ್ಚು. ಗಂಟಿಗೆ ಸೂಜಿಯಿಂದ ಔಷಧ ಹಾಕುವಾಗಲೂ ಅದು ಯಾವ ಔಷಧ ಎಂಬುದು ಮುಖ್ಯವಲ್ಲ, ಆದರೆ ಚುಚ್ಚುವುದು ಹುಸಿ ಚಿಕಿತ್ಸೆಗಿಂತ ಮೇಲೇ ಎಂಬುದು ಇತ್ಯರ್ಥವಾಗಿಲ್ಲ ಎಂದು 2001ರ ವಿಮರ್ಶೆ ಹೇಳಿತ್ತು. 2017ರ ವಿಶ್ಲೇಷಣೆ 12 ವಾರಗಳವರೆಗಿನ ಲಾಭ ಕಂಡರೂ ಪುರಾವೆಯ ಗುಣಮಟ್ಟವನ್ನು ತೀರಾ ಕಡಿಮೆಯಿಂದ ಮಧ್ಯಮ ಎಂದೇ ಅಳೆಯಿತು. ಐರ್ಲೆಂಡಿನಲ್ಲಿ 7,629 ಚಿಕಿತ್ಸೆಗಳನ್ನು ದಾಖಲಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಚರ್ಮ ಕಂದುವ, ರಕ್ತ ಜಿನುಗುವಂಥ ಸಣ್ಣ ತೊಂದರೆಗಳಾದವು, ದೊಡ್ಡ ಅಪಾಯ ಆಗಲಿಲ್ಲ. ಆದರೂ ಹೆಗಲ ಕೆಳಗೇ ಶ್ವಾಸಕೋಶದ ತುದಿಯಿದೆ. ಸೂಜಿ ಕಲಿತವರ ಕೈಯಲ್ಲೇ ಇರಲಿ.

ಮಸಾಜ್ ಗನ್ ಕೂಡ ಇದೆ. ಹಿತವಾಗಿ ನಡುಗಿಸುತ್ತದೆ, ಒಂದೇ ಬಿಂದುವನ್ನು ಹಿಡಿದು ನಿಲ್ಲುವುದಿಲ್ಲ.

ಕೋಲಿನ ಕುಂದುಗಳಿಗೆ ಬರೋಣ. ಗುಬುಟಿನ ನಡುವೆ ಅಚ್ಚಿನ ಗೆರೆಯೊಂದು ಉಬ್ಬಿತ್ತು, ತೆಳು ಬಟ್ಟೆಯ ಮೇಲಿಂದಲೂ ಚುಚ್ಚುತ್ತಿತ್ತು. ಮರಳುಕಾಗದದಿಂದ ಉಜ್ಜಿದ ಮೇಲೆ ಸರಿಹೋಯಿತು. ನನ್ನದು ಎರಡು ತುಂಡುಗಳನ್ನು ಸೇರಿಸುವ ಮಾದರಿ. ಪ್ರಯಾಣಕ್ಕೆ ಅನುಕೂಲವೇ, ಆದರೆ ಸೇರುವ ಜಾಗ ಈಗ ಸಡಿಲವಾಗಿ, ಜಗ್ಗಿದಾಗ ಗುಬುಟು ಗಂಟಿನಿಂದ ಜಾರುತ್ತದೆ. ಹೊಸದಾಗಿ ಕೊಳ್ಳುವವರು ಒಂದೇ ತುಂಡಿನದನ್ನು ಆರಿಸಿಕೊಳ್ಳಿ. ಕುತ್ತಿಗೆಯ ಮುಂಭಾಗವನ್ನೂ ಬೆನ್ನೆಲುಬನ್ನೂ ಒತ್ತಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ. ಕೈ ಮರಗಟ್ಟುತ್ತಿದ್ದರೆ ಅಥವಾ ಹಿಡಿತ ದುರ್ಬಲವಾಗಿದ್ದರೆ ಅದು ಕೋಲಿನ ವ್ಯಾಪ್ತಿಯ ನೋವಲ್ಲ, ತಪಾಸಣೆ ಮಾಡಿಸಿಕೊಳ್ಳಿ.