ಮಧ್ಯಾಹ್ನ ಒಂದೂವರೆಗೆ ಹಾಜರಿ: ಒಂದು ರಿಪೇರಿ ಅಂಗಡಿಯ ಅನುಭವ

ಮಲ್ಲಂದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ನಾನು. ತೋಟದ ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇವೆ; ಆನ್ ಮಾಡುವಾಗ ಬೇಕಾದದ್ದನ್ನು ಆರಿಸಿಕೊಳ್ಳುತ್ತೇವೆ. ಧಣಿಗಳು ವಿಂಡೋಸ್‌ನಲ್ಲಿ ಟ್ಯಾಲಿ ನೋಡಿ, ಗಡಿಯಾರ ಸರಿಪಡಿಸಿ ಹೋದ ಮರುದಿನ, ನಾನು ಲಿನಕ್ಸ್‌ನಲ್ಲಿ ಬೆಳಿಗ್ಗೆ ಎಂಟರ ಹಾಜರಿ ಹಾಕಿದರೆ ಮಧ್ಯಾಹ್ನ ಒಂದೂವರೆ ಎಂದು ದಾಖಲಾಗುತ್ತಿತ್ತು. ಇನ್ನು ಮಳೆಗೆ ಕರೆಂಟ್ ಹೋಗಿ ಬಂತೆಂದರೆ ಕಂಪ್ಯೂಟರ್ ಶುರುವಾಗುವಾಗಿನ ಬಯೋಸ್ ಪರದೆಯಲ್ಲಿ 2015ರ ಜನವರಿ 1! ತೋಟದಲ್ಲಿ ಇಂಟರ್ನೆಟ್ ಇಲ್ಲ, ತಪ್ಪು ತಾನಾಗಿ ತಿದ್ದಿಕೊಳ್ಳುವ ಮಾತೂ ಇಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಮುಚ್ಚಳವನ್ನೂ ಬಿಚ್ಚದೆ, “ಮದರ್‌ಬೋರ್ಡ್ ಹೋಗಿದೆ, ಆರೂವರೆ ಸಾವಿರ” ಎಂದರು.

ಅಲ್ಲಿಂದ ಎತ್ತಿಕೊಂಡು ಹೋದದ್ದು ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಪಕ್ಕದ ಓಣಿಗೆ. ಮಹಡಿಯ ಮೇಲಿನ ಈ ಅಂಗಡಿಗೆ ಫಲಕವೂ ಇಲ್ಲ. ಅಂಗಡಿಯವರು ಮೊದಲು ಕೇಳಿದ್ದು ಇಷ್ಟೇ: “ಪ್ರತಿ ಸಲ ಅಷ್ಟೇ ತಪ್ಪುತ್ತದೆಯೋ, ಓಡುತ್ತಾ ಓಡುತ್ತಾ ತಪ್ಪು ಹೆಚ್ಚುತ್ತದೆಯೋ?”

ನನಗೆ ಗೊತ್ತಿರಲಿಲ್ಲ. ಸಮಯ ಹೋಲಿಸಲು ಮೊಬೈಲನ್ನು ಪಕ್ಕದಲ್ಲಿಟ್ಟು ಕಂಪ್ಯೂಟರನ್ನು ಅರ್ಧ ಗಂಟೆ ಓಡಿಸಿದರು. ಒಂದು ಸೆಕೆಂಡೂ ಜಾರಲಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳನ್ನು ತೆರೆದು ತೋರಿಸಿದರು. ಅದು ಸಮಯ ಅಳೆಯಲು ನೆಚ್ಚಿಕೊಳ್ಳುವ ಮೂಲ, ಅಂದರೆ ಕ್ಲಾಕ್‌ಸೋರ್ಸ್, ಪ್ರೊಸೆಸರ್‌ನೊಳಗಿನ ಎಣಿಕೆಯಾದ ಟಿಎಸ್‌ಸಿಯಲ್ಲೇ ಇತ್ತು. ಪ್ರೊಸೆಸರ್‌ನ ಆ ಎಣಿಕೆ ಹಾದಿ ತಪ್ಪಿದ್ದರೆ ಕರ್ನಲ್ ಅದನ್ನು ನಂಬಲಾಗದ್ದೆಂದು ಗುರುತು ಹಾಕಿ, ಎಚ್‌ಪಿಇಟಿ ಎಂಬ ಟೈಮರ್‌ನಂತಹ ಬೇರೊಂದಕ್ಕೆ ಬದಲಾಗಿರುತ್ತಿತ್ತಂತೆ. ಮದರ್‌ಬೋರ್ಡ್ ಹೋಗಿಲ್ಲವೆಂದಾಯಿತು, ಅಲ್ಲಿಗೆ ಆರೂವರೆ ಸಾವಿರ ಉಳಿಯಿತು.

ಮಲ್ಟಿಮೀಟರ್ ಇಟ್ಟಾಗ ಬೋರ್ಡಿನ ಸಿಆರ್2032 ಸೆಲ್, 3 ವೋಲ್ಟ್ ಇರಬೇಕಾದದ್ದು, 1.9 ತೋರಿಸಿತು. ಕರೆಂಟ್ ಇಲ್ಲದಾಗ ಬೋರ್ಡಿನ ಗಡಿಯಾರವನ್ನು ಓಡಿಸುವುದು ಈ ಸೆಲ್ಲೇ; 2015ರ ರಹಸ್ಯ ಅದು. ಐದೂವರೆ ಗಂಟೆಯದು ಬೇರೆಯೇ ಕತೆ. ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸ್ಥಳೀಯ ಸಮಯ ಬರೆಯುತ್ತದೆ. ಲಿನಕ್ಸ್ ಅದನ್ನು ಯುಟಿಸಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ, ಎಂದುಕೊಂಡು ಮೇಲೆ ಇನ್ನೂ ಐದೂವರೆ ಸೇರಿಸುತ್ತದೆ. ಒಬ್ಬ ರೈಟರ್ ಕಿಲೋದಲ್ಲಿ ಬರೆದದ್ದನ್ನು ಇನ್ನೊಬ್ಬ ಮೂಟೆ ಎಂದು ಓದಿದ ಹಾಗೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬುದನ್ನು 1 ಮಾಡಿ, ಅದೂ ಯುಟಿಸಿಯನ್ನೇ ಪಾಲಿಸುವಂತೆ ಮಾಡಿದರು. ಎರಡೆರಡು ಸಲ ಆಚೆ ಈಚೆ ಬೂಟ್ ಮಾಡಿ ತೋರಿಸಿದ ಮೇಲೆಯೇ ಹಣ ಕೇಳಿದ್ದು: ಸೆಲ್ ಸೇರಿ 250 ರೂಪಾಯಿ.

ಆಮೇಲೆ ತೋಟದಲ್ಲಿ ಹತ್ತಾರು ಸಲ ಕರೆಂಟ್ ಹೋಗಿದೆ, ಗಡಿಯಾರ ಅಲುಗಿಲ್ಲ. ದೂರು ಒಂದಿದೆ: ಬಿಲ್ ಕೊಡುವುದಿಲ್ಲ. ಸೆಲ್ಲಿನ ಖಾಲಿ ಪೊಟ್ಟಣದ ಹಿಂದೆ ಬರೆದುಕೊಟ್ಟ ಚೀಟಿಯನ್ನು ಧಣಿಗಳು ಇನ್ನೂ ಲೆಕ್ಕಕ್ಕೆ ಒಪ್ಪಿಲ್ಲ. ಹೋಗುವವರು ಪವರ್ ಕೇಬಲ್ ಜೊತೆಗೆ ಒಯ್ಯಿರಿ. ಅಂಗಡಿಯಲ್ಲಿ ಇರುವುದು ಒಂದೇ, ಅದಕ್ಕಾಗಿ ನಾನು ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕುಳಿತಿದ್ದೆ.